ಮುಖ ಮರೆಯುತ್ತಿದ್ದ ಡಾಕ್ಟರು

ಹದಿಮೂರು ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿದರೂ ಆ ಮನುಷ್ಯ ನನ್ನನ್ನು ಹೊರಗೆಲ್ಲಾದರೂ ಕಂಡಾಗ ಒಂದು ಸಲವೂ ಗುರುತು ಹಿಡಿಯಲಿಲ್ಲ. ಒಮ್ಮೆ ಗೋಕಾಕದ ಸಂತೆಯಲ್ಲಿ ಬದನೆಕಾಯಿ ಆರಿಸುತ್ತ ನಿಂತಿದ್ದೆ. ಎದುರಿಗೇ ಬಂದರು. ನಮಸ್ಕಾರ ಎಂದೆ. ಅವರು ನನ್ನ ಮುಖವನ್ನು ಎರಡು ಕ್ಷಣ ನೋಡಿ, ತುಂಬಾ ಮರ್ಯಾದೆಯಿಂದ ಕೇಳಿದರು:

"ನಮಸ್ಕಾರ್ರಿ. ಕೂಸು ಹ್ಯಾಂಗೈತಿ ಈಗ?"

ನನ್ನ ಕೂಸು ಆಗ ಬಿ.ಕಾಂ. ಎರಡನೇ ವರ್ಷದಲ್ಲಿತ್ತು, ಮೀಸೆ ಬಿಟ್ಟಿತ್ತು. ಮುಂದಿನ ಶನಿವಾರ ಕೋಣೆಯಲ್ಲಿ ಸಿಕ್ಕಾಗ ಚೆನ್ನಾಗಿ ಜಗಳಾಡಿದೆ. ಅವರಿಗೆ ಏನೂ ಅನ್ನಿಸಲಿಲ್ಲ.

"ನಾ ಮುಖ ಮರಿತೇನ್ರಿ ಸಿಸ್ಟರ್. ಹಾರ್ಟ್ ಒಮ್ಮೆ ನೋಡಿದ್ರ ಮರ್ಯಾಂಗಿಲ್ಲ. ನಿಮಗ ಏನೂ ಬ್ಯಾನಿ ಇಲ್ಲ, ಹಂಗಾಗಿ ನೆನಪಿನ್ಯಾಗ ಉಳದಿಲ್ಲ. ಖುಷಿ ಪಡ್ರಿ."

ಇಂಥವರ ಜೊತೆ ಜಗಳಾಡಿ ಏನು ಪ್ರಯೋಜನ ಹೇಳಿ!

ಅವರು ತೀರಿಕೊಂಡ ಸುದ್ದಿ ಹೋದ ತಿಂಗಳು ಬಂತು. ಕೊಣ್ಣೂರಿನ ಒಂದು ಅಂಗನವಾಡಿಯಲ್ಲಿ ಮಕ್ಕಳ ತೂಕ ನೋಡುತ್ತಿದ್ದೆ. ಫೋನು ಇಟ್ಟ ಮೇಲೆ ತಕ್ಕಡಿಯಲ್ಲಿದ್ದ ಮಗುವಿನ ತೂಕವನ್ನು ಎರಡು ಸಲ ತಪ್ಪು ಬರೆದೆ. ಆಮೇಲೆ ಮಕ್ಕಳ ಮುಂದೆಯೇ ಕೂತು ಅತ್ತೆ. ಅಂಗನವಾಡಿ ಟೀಚರು ಪಾಪ, ನಮ್ಮ ಮನೆಯವರಿಗೇ ಏನೋ ಆಯಿತೆಂದು ಹೆದರಿ ನೀರು ತಂದು ಕೊಟ್ಟಳು.

ನನ್ನ ಕೆಲಸ ಇಷ್ಟು: ಶಾಲೆಯಿಂದ ಶಾಲೆಗೆ, ಅಂಗನವಾಡಿಯಿಂದ ಅಂಗನವಾಡಿಗೆ ಹೋಗಿ ಮಕ್ಕಳನ್ನು ಪರೀಕ್ಷಿಸುವ ತಂಡದಲ್ಲಿ ನಾನು ನರ್ಸು. ಯಾವ ಮಗುವಿನ ಎದೆಯಲ್ಲಿ ಬೇಡದ ಸಪ್ಪಳ ಕೇಳಿಸಿತೋ, ಯಾವುದು ನಾಲ್ಕು ಹೆಜ್ಜೆ ಓಡಿದರೆ ತುಟಿ ನೀಲಿಗಟ್ಟಿ ಕುಕ್ಕರಗಾಲಿನಲ್ಲಿ ಕೂರುತ್ತದೋ, ಅದಕ್ಕೆ ಒಂದು ಚೀಟಿ ಬರೆದು ಕೊಡುತ್ತಿದ್ದೆವು. ಆ ಚೀಟಿ ಹಿಡಿದು ಬಂದವರನ್ನು ನೋಡಲು, ಮಕ್ಕಳ ಹೃದಯದ ಡಾಕ್ಟರಾದ ಅವರು ಎರಡು ವಾರಕ್ಕೊಂದು ಶನಿವಾರ ಬೆಳಗಾವಿಯಿಂದ ತಮ್ಮ ಹಳೆಯ ಕಾರನ್ನು ತಾವೇ ಹೊಡೆದುಕೊಂಡು ಬರುತ್ತಿದ್ದರು. ಹೆಚ್ಚಾಗಿ ಗೋಕಾಕಕ್ಕೆ, ಒಮ್ಮೊಮ್ಮೆ ಮೂಡಲಗಿಗೆ, ಹುಕ್ಕೇರಿಗೆ. ಹೃದಯವನ್ನು ಪರದೆಯ ಮೇಲೆ ತೋರಿಸುವ ಎಕೋ ಯಂತ್ರದ ಪೆಟ್ಟಿಗೆ ಪಕ್ಕದ ಸೀಟಿನಲ್ಲಿ ಬೆಲ್ಟು ಕಟ್ಟಿಸಿಕೊಂಡು ಕೂತಿರುತ್ತಿತ್ತು. ನಾನು ಹಿಂದೆ. ನನಗೆ ಬೆಲ್ಟೂ ಇರಲಿಲ್ಲ.

ಹುಕ್ಕೇರಿ ಕಡೆಯ ಕೂಲಿ ಮಾಡುವ ಮನೆಯಿಂದ ಬಂದವರು ಅವರು. ದೊಡ್ಡ ಆಸ್ಪತ್ರೆಯಲ್ಲಿ ದೊಡ್ಡ ಹೆಸರಿತ್ತು. ಅಂಥವರು ವಾರದ ಕೊನೆಗೆ ಮನೆಯಲ್ಲಿ ಮಲಗುವುದು ಬಿಟ್ಟು ಇಲ್ಲಿಗ್ಯಾಕೆ ಬರುತ್ತೀರಿ ಎಂದು ಕೇಳಿದರೆ, "ಈ ಕಡೆ ಚಾ ಛಲೋ ಸಿಗತೈತ್ರಿ" ಅನ್ನುತ್ತಿದ್ದರು. ಅದಕ್ಕಿಂತ ಹೆಚ್ಚಿನ ಉತ್ತರ ಅವರ ಬಾಯಿಂದ ನನಗೆ ಹೊರಡಿಸಲು ಆಗಲಿಲ್ಲ.

ಅವರ ಅಂಗಿಯ ಎಡಗಡೆ ಯಾವಾಗಲೂ ಒದ್ದೆಯ ಕಲೆ. ಎಕೋ ಮಾಡುವಾಗ ಎದೆಗೆ ಹಚ್ಚುವ ಜೆಲ್ಲು ತಣ್ಣಗಿರುತ್ತದೆ, ಮಕ್ಕಳು ಬೆಚ್ಚಿ ಅಳುತ್ತಾರೆ. ಅದಕ್ಕೆ ಬಾಟಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಕೂರುತ್ತಿದ್ದರು. "ಬಿಸಿನೀರಾಗ ಇಡೂಣ್ರಿ ಸರ್, ಛಲೋ ಕಾಣಂಗಿಲ್ಲ" ಎಂದು ನಾನು. "ಬಿಸಿನೀರ ಆರತೈತ್ರಿ, ನಾ ಆರಂಗಿಲ್ಲ" ಎಂದು ಅವರು. ಒಂದು ಸಲ ಮಕ್ಕಳನ್ನು ಸುಮ್ಮನಿರಿಸಲು ಒಂದು ಡಬ್ಬಿ ಕರದಂಟು ತಂದರು. ಮಕ್ಕಳು ಸುಮ್ಮನಾದರು, ಖರೆ. ಆದರೆ ಕರದಂಟು ಅಗಿಯುವ ಮಗುವಿನ ಎದೆ ಎಲ್ಲಿ ಸುಮ್ಮನಿರುತ್ತದೆ? ಪರದೆಯ ಮೇಲೆ ಚಿತ್ರವೆಲ್ಲ ಕುಣಿಯತೊಡಗಿತು. ಉಳಿದ ಡಬ್ಬಿಯನ್ನು ಅವರೇ ತಿಂದರು. ಸಕ್ಕರೆ ಕಾಯಿಲೆ ಬೇರೆ ಇತ್ತು. "ನಮ್ಮ ಮನಿಯಾಕಿಗೆ ಹೇಳಬ್ಯಾಡ್ರಿ" ಎಂದು ನನ್ನಿಂದ ಆಣೆ ಮಾಡಿಸಿಕೊಂಡರು.

ತಾಯಂದಿರಿಗೆ ಅವರು ಹೇಳುವ ಮೊದಲ ಮಾತು ಒಂದೇ. ಯಂತ್ರ ಮುಟ್ಟುವ ಮುಂಚೆಯೇ, "ನೀ ಏನೂ ತಪ್ಪು ಮಾಡಿಲ್ಲವ್ವಾ" ಅನ್ನುತ್ತಿದ್ದರು. ಯಾಕೆಂದರೆ ಬಹಳಷ್ಟು ಮನೆಗಳಲ್ಲಿ ತಪ್ಪು ತಾಯಿಯದೇ ಎಂಬ ತೀರ್ಪು ಆಗಲೇ ಆಗಿರುತ್ತಿತ್ತು. ಹುಕ್ಕೇರಿಯಲ್ಲಿ ಒಬ್ಬ ಅತ್ತೆ, ಸೊಸೆ ಗ್ರಹಣದ ದಿನ ಹೊರಗೆ ಬಂದದ್ದಕ್ಕೇ ಕೂಸಿಗೆ ಹೀಗಾಯಿತು, ಆಗ ಅವಳಿಗೆ ಏಳು ತಿಂಗಳು ಎಂದು ಕೈ ತಿರುವಿ ಹೇಳಿದಳು. ಅವರು ಸಿಟ್ಟಾಗಲಿಲ್ಲ. ಪರದೆಯನ್ನು ಅವಳ ಕಡೆಗೇ ತಿರುಗಿಸಿದರು.

"ಕಾಕೂ, ಇಲ್ಲಿ ನೋಡ್ರಿ. ಇದು ನಾಕು ಖೋಲಿ ಮನಿ. ಮ್ಯಾಲ ಎರಡು, ಕೆಳಗ ಎರಡು. ಈ ಮನಿ ಕಟ್ಟಿ ಮುಗಿಯೂದು ಬಸುರಾದ ಎರಡ ತಿಂಗಳದಾಗ. ನಿಮ್ಮ ಗ್ರಹಣ ಬರೂದ್ರಾಗ ಗೌಂಡಿ ಕೆಲಸ ಮುಗಿಸಿ ಹೋಗಿಬಿಟ್ಟಿದ್ದ."

"ಹಂಗಾರ ತಪ್ಪು ಯಾರ್ದು?"

"ಗೌಂಡೀದು. ಹುಡುಕಿ ಬಯ್ಯೂಣಂದ್ರ ಸಿಗಂಗಿಲ್ಲ."

ಸೊಸೆ ಸೆರಗು ಬಾಯಿಗಿಟ್ಟು ನಕ್ಕಳು. ಮದುವೆಯಾದ ಮೇಲೆ ಅತ್ತೆಯ ಮುಂದೆ ಅವಳು ನಕ್ಕದ್ದು ಅದೇ ಮೊದಲಿರಬೇಕು.

ಇಷ್ಟೆಲ್ಲ ಹೇಳಿದ ಮೇಲೆ ನಾಗನೂರಿನ ಲಕ್ಕವ್ವನ ವಿಷಯ ಹೇಳದಿದ್ದರೆ ಆಗದು. ಡಾಕ್ಟರು ತಮ್ಮನ್ನು ಯಾರಾದರೂ ಹೊಗಳಿದ ಕೂಡಲೇ ಇದನ್ನೇ ಎತ್ತಿ ಹೇಳಿ ತಮ್ಮನ್ನು ತಾವೇ ಬೈದುಕೊಳ್ಳುತ್ತಿದ್ದರು.

ಲಕ್ಕವ್ವನದು ಕುರಿ ಕಾಯುವ ಮನೆತನ. ಐದು ವರ್ಷದ ಹುಡುಗಿ, ನೋಡಿದರೆ ಮೂರು ವರ್ಷದ್ದು ಅನ್ನಬೇಕು, ಅಷ್ಟು ಬಡಕಲು. ತಾಯಿ ಹೆರಿಗೆಗೆ ತವರಿಗೆ ಹೋಗಿದ್ದಳು. ಕರೆತಂದವಳು ಅಜ್ಜಿ, ಆಯಿ ಅನ್ನುತ್ತಾರಲ್ಲ, ಅವಳು. ಹುಡುಗಿ ಕೋಣೆಯೊಳಗೆ ಕಾಲಿಟ್ಟದ್ದೇ ತಡ, ಆಸ್ಪತ್ರೆಯ ಗೋಡೆ ಬಿರಿಯುವಂತೆ ಅತ್ತಳು. ನಿದ್ದೆಯ ಔಷಧ ಕುಡಿಸಿದರೆ ನನ್ನ ಸೀರೆಯ ಮೇಲೇ ಉಗುಳಿದಳು. ಆ ಗದ್ದಲದಲ್ಲೇ ಅವರು ಕಂಡಷ್ಟು ಕಂಡರು: ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ದೊಡ್ಡ ತೂತು, ಎಡಗಡೆಯ ಕೋಣೆ ಹಿಗ್ಗಿ ನಿಂತಿದೆ. ಆದರೆ ಮುಖ್ಯವಾದದ್ದು ಇನ್ನೂ ನೋಡಬೇಕಿತ್ತು. ಅಂಥ ತೂತಿನಿಂದ ರಕ್ತ ವರ್ಷಗಟ್ಟಲೆ ಶ್ವಾಸಕೋಶಕ್ಕೆ ನುಗ್ಗಿ ನುಗ್ಗಿ, ಅಲ್ಲಿಯ ನಾಳಗಳು ಗಟ್ಟಿಯಾಗಿಬಿಡುತ್ತವೆ. ಹಾಗಾದ ಮೇಲೆ ಯಾವ ಸರ್ಜನ್ನೂ ಆ ತೂತು ಮುಚ್ಚಲಾರ. ಅಲ್ಲಿಯ ಒತ್ತಡ ಎಷ್ಟಿದೆ, ಇನ್ನೂ ವೇಳೆ ಇದೆಯೋ ಇಲ್ಲವೋ ಎಂದು ಅಳೆಯಲು ಮಗು ನಾಲ್ಕು ನಿಮಿಷ ಸುಮ್ಮನೆ ಮಲಗಬೇಕು. ಹೊರಗೆ ಇನ್ನೂ ಇಪ್ಪತ್ತು ಮಕ್ಕಳು. ಡಾಕ್ಟರಿಗೂ ರೇಗಿತ್ತು.

"ಆಯಿ, ಮುಂದಿನ ಸಲ ಅಳಲಾರದಂಗ ಕರ್ಕೊಂಡ್ ಬಾ. ಹಿಂಗ ಅತ್ತರ ನನಗ ಏನೂ ಕಾಣಂಗಿಲ್ಲ" ಎಂದು ಗದರಿದರು.

ಎರಡು ವಾರ ಬಿಟ್ಟು ಆಯಿ ಬಂದಳು. ಹುಡುಗಿಯ ತಲೆ ನುಣ್ಣಗೆ ಬೋಳು. ಮನೆದೇವರಿಗೆ ಹೋಗಿ ಕೂದಲು ಕೊಟ್ಟು ಬಂದಿದ್ದರಂತೆ. ಏನು ಆಶ್ಚರ್ಯ! ಹುಡುಗಿ ತುಟಿ ಪಿಟ್ಟೆನ್ನಲಿಲ್ಲ. ಮೇಜಿನ ಮೇಲೆ ಮಲಗಿ, ಪರದೆಯ ಮೇಲಿನ ಕೆಂಪು ನೀಲಿ ಬಣ್ಣ ನೋಡುತ್ತ ನಗುತ್ತಿದ್ದಳು. ಅವರು ಯಂತ್ರದ ಕೈಹಿಡಿ, ಆ ಪ್ರೋಬನ್ನು ಎದೆಯ ಮೇಲೆ ಆಡಿಸಿದರು, ಮತ್ತೆ ಆಡಿಸಿದರು. ತೂತಿಲ್ಲ!

"ಸರ್, ದೇವರು ಮುಚ್ಚಿದನ್ರಿ!" ಎಂದು ನಾನೇ ಮೊದಲು ಕೂಗಿದೆ. ತೂತುಗಳು ಒಮ್ಮೊಮ್ಮೆ ತಾವಾಗಿಯೇ ಮುಚ್ಚುತ್ತವೆ ಎಂದು ಅವರೇ ಎಷ್ಟೋ ತಾಯಂದಿರಿಗೆ ಹೇಳಿದ್ದನ್ನು ಕೇಳಿದ್ದೆ. ಅವರ ಮುಖವೂ ಅರಳಿತು. ಆ ದಿನ ಸಿಕ್ಕ ಒಂದೇ ಒಂದು ಒಳ್ಳೆಯ ಸುದ್ದಿ ಅದು. ನಾರ್ಮಲ್ ಎಂದು ಬರೆದು ಕೊಟ್ಟರು. ಆಯಿ ಆ ಕಾಗದವನ್ನು ಕಣ್ಣಿಗೊತ್ತಿಕೊಂಡು, "ನಾಳೆ ಕುರಿ ಹೊಡಕೊಂಡು ಹೊಂಟೇವ್ರಿ. ಇನ್ನ ಮುಂಗಾರಿಗೇ ಊರು ಕಾಣೂದು" ಎಂದು ಹೇಳಿ ಹೋದಳು.

ಸಂಜೆ ಬೆಳಗಾವಿಗೆ ಮರಳುವಾಗ ಅವರು ನನ್ನನ್ನು ಕೊಣ್ಣೂರಿನಲ್ಲಿ ಇಳಿಸಿ ಹೋಗುವುದು ವಾಡಿಕೆ. ದಾರಿಯಲ್ಲಿ ಗೋಕಾಕ ಫಾಲ್ಸ್ ಹತ್ತಿರ ಚಹಾ. ಅಂದು ಅವರ ಮುಂದಿನ ಚಹಾಕ್ಕೆ ಕೆನೆ ಕಟ್ಟಿತು, ಮುಟ್ಟಲಿಲ್ಲ.

"ಸಿಸ್ಟರ್, ತೂತು ಮುಚ್ಚತಾವು, ಖರೆ. ಆದ್ರ ಹಿಗ್ಗಿದ ಖೋಲಿ ಹದಿನೈದು ದಿನದಾಗ ಹೆಂಗ ಸಣ್ಣದಾತು?"

"ನನಗೇನ್ ಗೊತ್ತರಿ? ನೀವ ನೋಡಿದ್ರಲ್ಲಾ."

"ಅದು ಬ್ಯಾರೆ ಮನಿ ರೀ. ಇವತ್ತ ನಾ ನೋಡಿದ್ದು ಆ ಹುಡುಗೀದು ಅಲ್ಲ."

ನಮ್ಮ ಮನೆಗೆ ಅಂದು ನಾದಿನಿ ಬರುವವಳಿದ್ದಳು. ಸೋಮವಾರ ನಾನೇ ಹೋಗಿ ವಿಚಾರಿಸಿ ಬರುತ್ತೇನೆ ಎಂದೆ. "ಸೋಮವಾರ ಅವರು ಎಲ್ಲಿರ್ತಾರ?" ಎಂದರು. ಮುಂಗಾರಿನವರೆಗೆ ಆ ಹುಡುಗಿ, ನಾರ್ಮಲ್ ಎಂಬ ಕಾಗದ ಇಟ್ಟುಕೊಂಡು, ಯಾವ ಹೊಲದಲ್ಲಿ ಏದುಸಿರು ಬಿಡುತ್ತಿರುತ್ತಾಳೋ ಯಾರಿಗೆ ಗೊತ್ತು? ಕಾರು ತಿರುಗಿತು. ಗೋಕಾಕ ದಾಟಿ ನಾಗನೂರಿನ ದಾರಿ ಹಿಡಿದರು. ನಾನು ಮನಸ್ಸಿನಲ್ಲೇ ನನ್ನನ್ನು ಬೈದುಕೊಳ್ಳುತ್ತಿದ್ದೆ. ಮುಖ ನೋಡುವುದು ನನ್ನ ಕೆಲಸವಾಗಿತ್ತು, ಅವರದಲ್ಲ.

ಊರ ಹೊರಗೆ ಕಬ್ಬು ಕಡಿದ ಒಂದು ಹೊಲದಲ್ಲಿ ಕುರಿ ನಿಲ್ಲಿಸಿದ್ದರು. ಹೊತ್ತು ಮುಳುಗಲು ಇನ್ನೂ ಸ್ವಲ್ಪ ಇತ್ತು. ದೂರದಿಂದಲೇ ನನಗೆ ಕಂಡಿತು: ಆಯಿಯ ಎರಡು ಪಕ್ಕ ಎರಡು ಬೋಳು ತಲೆ. ಒಂದೇ ಎತ್ತರ, ಒಂದೇ ನಮೂನೆಯ ಅಂಗಿ. ಒಂದು ಕುರಿಮರಿಯ ಹಿಂದೆ ಎದ್ದು ಓಡಿತು. ಇನ್ನೊಂದು ನಮ್ಮನ್ನು ಕಂಡದ್ದೇ ಅಳಲು ಶುರುಮಾಡಿತು.

ಓಡಿದವಳು ತಂಗಿ ಬಾಳವ್ವ. ಅಕ್ಕ ಬೆಳೆಯಲೇ ಇಲ್ಲವಲ್ಲ, ಅದಕ್ಕೇ ಇಬ್ಬರೂ ಸರಿಸಮ.

"ಖರೆ ಹೇಳಬೇ ಆಯಿ, ಮುಂಜಾನೆ ಯಾರನ್ನ ತಂದಿದ್ದಿ?" ಎಂದು ಕೇಳಿದರು.

ಆಯಿಗೆ ಮುಚ್ಚಿಡುವ ಯೋಚನೆಯೇ ಇರಲಿಲ್ಲ. "ಬಾಳವ್ವನ್ನ್ರಿ. ನೀವ ಅಂದಿದ್ರೆಲ್ಲಾ, ಅಳಲಾರದಂಗ ಕರ್ಕೊಂಡ್ ಬಾ ಅಂತ. ಇದು ಅಳೂದು ಬಿಡಂಗಿಲ್ಲ. ಅಳಲಾರದ್ದು ಅದು."

"ಬ್ಯಾನಿ ಇದ್ದಾಕಿ ಈಕಿ ಅಲ್ಲೇನು!"

"ಹಿಂಡಿಗೆ ಕೆಮ್ಮು ಬಂದ್ರ ದನದ ದವಾಖಾನಿಗೆ ಎಲ್ಲಾ ಕುರಿ ಹೊಡಕೊಂಡ್ ಹೊಕ್ಕೇವೇನ್ರಿ ಸಾಹೇಬ್ರ? ಸುಮ್ಮನ ನಿಂದರೂ ಒಂದನ್ನ ಒಯ್ದು ತೋರಸ್ತೇವು. ಔಷಧ ತಂದು ಎಲ್ಲಾಕ್ಕೂ ಕುಡಸ್ತೇವು. ಇವರಿಬ್ಬರೂ ಒಂದ ಹೊಟ್ಯಾಗಿಂದ ಬಂದವ್ರು, ಎದಿ ಬ್ಯಾರೆ ಬ್ಯಾರೆ ಇರ್ತಾವೇನು?"

ಡಾಕ್ಟರು ಅಲ್ಲೇ ಹಾಸಿದ್ದ ಕಂಬಳಿಯ ಮೇಲೆ ಕುಸಿದು ಕೂತು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ತಟ್ಟನೆ ನಗು ನಿಂತಿತು. ಕನ್ನಡಕ ತೆಗೆದು ಒರೆಸಿಕೊಂಡರು.

"ತಪ್ಪು ನಂದಬೇ ಯವ್ವಾ. ಅಳೂ ಕೂಸಿಗೆ ಅಳಬ್ಯಾಡ ಅಂದಾಂವ ನಾನು. ಮ್ಯಾಲ ಒಂದು ಸುಳ್ಳ ಕಾಗದಾನೂ ಬರದು ಕೊಟ್ಟೆ."

ಯಂತ್ರಕ್ಕೆ ಬ್ಯಾಟರಿ ಇತ್ತು. ಅಲ್ಲೇ ಲಕ್ಕವ್ವನನ್ನು ಮಲಗಿಸಿದರು. ಎರಡು ತೊಂದರೆ. ಹುಡುಗಿಯ ಅಳು ಒಂದು. ಇಳಿಬಿಸಿಲು ನೇರವಾಗಿ ಪರದೆಗೆ ಹೊಡೆದು ಏನೂ ಕಾಣದಿರುವುದು ಇನ್ನೊಂದು. ಆಯಿ ಹೆಗಲ ಮೇಲಿನ ಕರಿ ಕಂಬಳಿ ಬಿಚ್ಚಿ ಎಲ್ಲರ ಮೇಲೂ ಹೊದಿಸಿಬಿಟ್ಟಳು. ಡಾಕ್ಟರು, ಯಂತ್ರ, ಹುಡುಗಿ, ಆಯಿ ಎಲ್ಲ ಒಳಗೆ. ಕಂಬಳಿಯ ಒಂದು ತುದಿ ಹಿಡಿದುಕೊಂಡು ನಾನು ಹೊರಗೆ. ಒಳಗಿಂದ ಆಯಿಯ ದನಿ ಬಂತು. ನಾಲಿಗೆಯನ್ನು ಅಂಗುಳಕ್ಕೆ ಬಡಿದು ಟ್ರುರ್ರ್ ಟ್ರುರ್ರ್ ಎನ್ನುವ ಸದ್ದು. ಬೆದರಿದ ಕುರಿಗಳನ್ನು ನಿಲ್ಲಿಸಲು ಮಾಡುತ್ತಾರಲ್ಲ, ಅದೇ. ಹೊಲದಲ್ಲಿದ್ದ ಕುರಿಗಳೆಲ್ಲ ಒಮ್ಮೆ ತಲೆ ಎತ್ತಿದವು. ಒಳಗೆ ಅಳು ಸಣ್ಣದಾಯಿತು, ಬಿಕ್ಕಾಯಿತು, ನಿಂತಿತು. ಹುಟ್ಟಿದಾಗಿನಿಂದ ಆ ಸದ್ದು ಕೇಳಿಯೇ ಮಲಗಿದ ಮಗು ಅದು.

ನಾಲ್ಕು ನಿಮಿಷ ನನಗೆ ಬಹಳ ಉದ್ದವಾಗಿತ್ತು. ಹುಡುಗಿಯ ಅಪ್ಪನೂ ಕೋಲು ಊರಿಕೊಂಡು ಬಂದು ನಿಂತಿದ್ದ. ಕಂಬಳಿ ಸರಿಸಿ ಅವರು ಹೊರಗೆ ತಲೆ ಹಾಕಿದರು. ಕೂದಲಿನ ತುಂಬ ಉಣ್ಣೆಯ ಎಳೆ.

"ವೇಳೆ ಐತಿ" ಎಂದರು. "ಇನ್ನೂ ವೇಳೆ ಐತಿ. ಆದ್ರ ಮುಂಗಾರಿ ತನಕಾ ಇಲ್ಲ."

ಅಪ್ಪ ಹಿಂಡಿನ ಕಡೆ ನೋಡಿದ. "ತಿರುಗಿ ಬಂದು ತೋರಸ್ತೇವ್ರಿ. ನಾಳೆ ಹೊಂಡಲಿಲ್ಲಂದ್ರ ಮೇವು ಎಲ್ಲಿಂದ ತರೂದ್ರಿ?"

"ಕುರಿ ನೀ ಹೊಡಕೊಂಡ್ ಹೋಗು" ಎಂದಳು ಆಯಿ, ಮಗನ ಮುಖವನ್ನೂ ನೋಡದೆ. "ಈಕಿನ್ನ ನಾ ಒಯ್ತೇನಿ. ಈ ಸಲ ಅಳಾಕೀನ್ನ ಒಯ್ತೇನ್ರಿ ಸಾಹೇಬ್ರ."

ಒಯ್ದಳು. ತಿಂಗಳೊಳಗೆ ದೂರದ ಊರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಗೋಡೆಗೆ ತೇಪೆ ಹಾಕಿ ತೂತು ಮುಚ್ಚಿದರು. ಆಮೇಲಿನ ತಪಾಸಣೆಯೆಲ್ಲ ಆಪರೇಷನ್ ಮಾಡಿದ ಆಸ್ಪತ್ರೆಯಲ್ಲೇ ಆದದ್ದರಿಂದ ಹುಡುಗಿ ನಮ್ಮ ಕೋಣೆಗೆ ಮತ್ತೆ ಬರಲಿಲ್ಲ. ಬಂದದ್ದು ಆಯಿ ಕೊಟ್ಟು ಕಳಿಸಿದ ಆ ಕರಿ ಕಂಬಳಿ. ಅದನ್ನು ಅವರು ಗೋಕಾಕದ ಕೋಣೆಯ ಕಿಟಕಿಗೆ ಪರದೆಯಾಗಿ ಮೊಳೆ ಹೊಡೆದು ಕಟ್ಟಿದರು. ಮಳೆಗಾಲದಲ್ಲಿ ಕುರಿಹಟ್ಟಿಯ ವಾಸನೆ ಬರುತ್ತಿತ್ತು. ತೆಗೆಯಲು ಬಿಡಲಿಲ್ಲ. ಅಂದಿನಿಂದ ಯಾವ ಮಗುವಿಗೂ ಅಳಬೇಡ ಅನ್ನಲಿಲ್ಲ. ಅಳು ಶುರುವಾದರೆ ಟ್ರುರ್ರ್ ಅನ್ನುವರು. ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲೂ ಹಾಗೆಯೇ ಮಾಡುತ್ತಾರೆಂದು ಕೇಳಿ ನನಗೇ ನಾಚಿಕೆಯಾಗಿತ್ತು. ಅವರಿಗೆಲ್ಲಿಯ ನಾಚಿಕೆ!

ಕೊನೆಯ ಶನಿವಾರದ ವಿಷಯ ಹೇಳಿ ಮುಗಿಸುತ್ತೇನೆ. ಆರೋಗ್ಯ ಕೆಟ್ಟಿತ್ತು, ಇನ್ನು ಬರುವುದಿಲ್ಲ ಎಂದು ಹೇಳಿಯೇ ಬಂದಿದ್ದರು. ಹೊರಗಿನ ಬೆಂಚಿನ ಮೇಲೆ ಕಾಲೇಜು ಯೂನಿಫಾರ್ಮಿನ ಒಬ್ಬ ಹುಡುಗಿ ಕೂತಿದ್ದಳು. ಎರಡು ಜಡೆ, ಒಳ್ಳೆಯ ಎತ್ತರ.

"ನರ್ಸಬಾಯಾರ, ಗುರುತ ಹತ್ತಲಿಲ್ಲೇನ್ರಿ? ನಾನು ಲಕ್ಕವ್ವ. ನಿಮ್ಮ ಸೀರಿ ಮ್ಯಾಲ ಔಷಧ ಉಗುಳಿದಾಕಿ."

ತಬ್ಬಿಕೊಂಡೆ. ಡಾಕ್ಟರು ಇನ್ನು ಬರುವುದಿಲ್ಲವೆಂದು ಕೇಳಿ ನೋಡಲು ಬಂದಿದ್ದಳಂತೆ. ಆಯಿ ತೀರಿಕೊಂಡು ಎರಡು ವರ್ಷವಾಯಿತಂತೆ. ನರ್ಸಿಂಗ್ ಕಲಿಯಬೇಕೆಂದಿದ್ದಾಳಂತೆ. ಒಳಗೆ ಕರೆದೊಯ್ಯುವಾಗ ನನ್ನ ಕೈ ಹಿಡಿದು, "ಹೇಳಬ್ಯಾಡ್ರಿ. ನೋಡೂಣು, ಗುರುತ ಹಿಡಿತಾರೇನು" ಎಂದಳು. ಹಿಡಿಯುವುದಿಲ್ಲ ಬಿಡು, ಸಂತೆಯಲ್ಲಿ ನನ್ನನ್ನೇ ಹಿಡಿಯಲಿಲ್ಲ ಎಂದೆ.

ಅವರು ಮುಖ ನೋಡಿದರು. ಏನೂ ಇಲ್ಲ. "ಹೆಸರೇನವ್ವಾ?" ಎಂದರು.

ಹುಡುಗಿ ನನ್ನ ಕಡೆ ಕಣ್ಣು ಮಿಟುಕಿಸಿ, "ಬಾಳವ್ವ" ಎಂದಳು. ತಂಗಿಯ ಹೆಸರು! ಅವರು ಹಾಗೆಯೇ ಬರೆದುಕೊಂಡರು. ಕಂಕುಳಿಂದ ಜೆಲ್ಲಿನ ಬಾಟಲಿ ತೆಗೆದರು. ಪ್ರೋಬನ್ನು ಎದೆಗೆ ಹಿಡಿದರು. ಪರದೆಯ ಮೇಲೆ ನಾಲ್ಕು ಕೋಣೆ ಮೂಡಿದವು, ನಡುವಿನ ಗೋಡೆ ಮೂಡಿತು. ಗೋಡೆಯಲ್ಲಿ ಒಂದು ಕಡೆ ತೇಪೆ ಬೆಳ್ಳಗೆ ಹೊಳೆಯಿತು. ಅವರ ಕೈ ನಿಂತಿತು.

"ಬಾಳವ್ವಂದು ನಾ ನೋಡೀನಿ" ಎಂದರು, ಪರದೆಯಿಂದ ಕಣ್ಣು ಕೀಳದೆ. "ಬಾಳವ್ವನ ಹಾರ್ಟಿನ್ಯಾಗ ತೂತು ಇರಲೇ ಇಲ್ಲ. ತೇಪಿ ಹೆಂಗ ಬಂತು?"

ಹುಡುಗಿ ತುಟಿ ಕಚ್ಚಿ ನಗು ತಡೆದಳು.

"ನೀ ಅಳಾಕಿ. ನಾಗನೂರಾಕಿ." ಬಗ್ಗಿ, ನಾಲಿಗೆ ಅಂಗುಳಕ್ಕೆ ಬಡಿದು, "ಟ್ರುರ್ರ್" ಎಂದರು.

ಹುಡುಗಿ ನಕ್ಕಳು. ನಗುತ್ತಿದ್ದವಳ ಕಣ್ಣಿಂದ ನೀರು ಎರಡೂ ಕಡೆಗೆ ಇಳಿದು ಕಿವಿಗೆ ಹೋಯಿತು. ಒರೆಸಿಕೊಳ್ಳಲು ಕೈ ಎತ್ತಿದಳು.

"ಅಳವ್ವಾ ಅಳು. ಚಿತ್ರ ಎಲ್ಲಾ ತಗದಾತು. ಛಲೋ ಐತಿ ನಿನ್ನ ಮನಿ. ಈಗ ಎಷ್ಟ ಬೇಕಾದ್ರೂ ಅಳು."

ಅಂದು ನಾನು ಗೋಕಾಕದಲ್ಲೇ ಉಳಿಯುವವಳಿದ್ದೆ. ಕೆಲಸ ಮುಗಿಸಿ, ಕೋಟು ಬಿಚ್ಚಿಟ್ಟು, ಸೆರಗು ಹೊದ್ದು ಹೊರಬಂದೆ. ಅವರು ಯಂತ್ರದ ಪೆಟ್ಟಿಗೆಗೆ ಬೆಲ್ಟು ಕಟ್ಟುತ್ತಿದ್ದರು. ಇನ್ನೊಮ್ಮೆ ಸಿಗುತ್ತಾರೋ ಇಲ್ಲವೋ ಎಂದು ಹತ್ತಿರ ಹೋಗಿ, ಬರ್ತೇನ್ರಿ ಸರ್ ಎಂದೆ. ತಿರುಗಿದರು. ನನ್ನ ಮುಖವನ್ನು ಎರಡು ಕ್ಷಣ ನೋಡಿ, ತುಂಬಾ ಮರ್ಯಾದೆಯಿಂದ ಕೇಳಿದರು:

"ಹಾಂ, ಹೋಗಿ ಬರ್ರಿ. ಕೂಸು ಹ್ಯಾಂಗೈತಿ ಈಗ?"

ಈ ಸಲ ನಾನು ಜಗಳಾಡಲಿಲ್ಲ.

"ಆರಾಮ ಐತ್ರಿ ಸರ್" ಎಂದೆ. "ನೀವ ನೋಡಿದ ಕೂಸು, ಆರಾಮ ಐತಿ."